ಕಲ್ಲಿನಲ್ಲಿ ಕೆತ್ತಿದ ಎಲೆ ನನ್ನ ಚಿತ್ರದಲ್ಲಿ ಲೇಸಿನ ಬಟ್ಟೆಯಾಗುತ್ತಿದೆ: ತಪ್ಪು ಎಲ್ಲಿದೆ?

ಮಸಿಕಡ್ಡಿ, ಉಡುಪಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯ ಸಮೀಪದ ಶಾಲೆಯೊಂದರಲ್ಲಿ 31 ವರ್ಷ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಕಳೆದ ಮೇ ತಿಂಗಳಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಅಲ್ಲಿಂದ ಬಸ್ಸಿನಲ್ಲಿ ಹೋಗಿಬರಬಹುದಾದ ಸೌತ್‌ವೆಲ್ ಎಂಬ ಊರಿನ ಹಳೆಯ ಇಗರ್ಜಿಯನ್ನು ನೋಡಿದೆ. ಊರು ನಮ್ಮ ಕಾರ್ಕಳಕ್ಕಿಂತಲೂ ಚಿಕ್ಕದು. ಇಗರ್ಜಿ ಮಾತ್ರ ಬಹಳ ದೊಡ್ಡದು, 1884ರಿಂದ ಅದಕ್ಕೆ ಕೆಥೆಡ್ರಲ್ ಸ್ಥಾನವೂ, ಅಂದರೆ ಬಿಷಪ್ಪರ ಪೀಠವಿರುವ ಇಗರ್ಜಿಯ ಸ್ಥಾನವೂ ಇದೆ. ಅದರ ಉತ್ತರ ಬದಿಗೆ, ಪಾದ್ರಿಗಳ ಮಂಡಲಿ ಕೂತು ವಿಚಾರ ವಿನಿಮಯ ಮಾಡುವುದಕ್ಕಾಗಿ 13ನೆಯ ಶತಮಾನದ ಕೊನೆಯ ಭಾಗದಲ್ಲಿ ಕಟ್ಟಿದ ಎಂಟು ಮೂಲೆಯ ಸಭಾಗೃಹವೊಂದಿದೆ. ನಡುವೆ ಒಂದೂ ಕಂಬವಿಲ್ಲದೆ ಕಲ್ಲಿನ ಚಾವಣಿ ನಿಂತಿರುವುದು ಅದರ ಒಂದು ವಿಶೇಷ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚಾವಣಿಯಲ್ಲ, ಗೋಡೆಯ ಸುತ್ತ ಸಾಲಾಗಿರುವ ಆಸನಗಳ ನಡುವಣ ಸಣ್ಣ ಕಂಬಗಳ ಬೋದಿಗೆಗಳು, ಅಂದರೆ ಕಂಬದ ತಲೆಯ ಕಲ್ಲುಗಳು. ಅವುಗಳ ಮೇಲೆ ಓಕ್, ಮೇಪಲ್, ಹಾಥಾರ್ನ್, ಐವಿ, ಹಾಪ್, ದ್ರಾಕ್ಷಿ ಎಲೆಗಳನ್ನು ಕೆತ್ತಿದ್ದಾರೆ. ನಾವು ಹಬ್ಬಕ್ಕೆ ಬಿಡಿಸುವ ಬಳ್ಳಿಯ ಹಾಗೆ ಒಂದೇ ಅಚ್ಚಿನ ಎಲೆಗಳಲ್ಲ ಅವು. ಬೇಲಿಯಿಂದ ಆಗಷ್ಟೇ ಕಿತ್ತು ತಂದಿಟ್ಟ ಎಲೆಯಂತೆ, ಒಂದು ಮುದುಡಿದೆ, ಇನ್ನೊಂದು ಬೆನ್ನು ತೋರಿಸಿದೆ, ಮತ್ತೊಂದರ ತೊಟ್ಟು ಪಕ್ಕದ ಎಲೆಯ ಅಡಿಯಲ್ಲಿ ನುಸುಳಿ ಆಚೆ ಬಂದಿದೆ. ಒಂದು ಕಡೆ ಓಕ್ ಮರದ ಕಾಯಿಗಳನ್ನು ತಿನ್ನುವ ಹಂದಿಗಳೂ ಇವೆ.

ಮೂರು ಮಧ್ಯಾಹ್ನ ಅಲ್ಲಿಯೇ ಕುಳಿತು, ಎ3 ಅಳತೆಯ ಹಾಳೆಯಲ್ಲಿ ಮೇಪಲ್ ಎಲೆಗಳಿರುವ ಒಂದು ಬೋದಿಗೆಯನ್ನು ಪೆನ್ಸಿಲ್‌ನಲ್ಲಿ ಬಿಡಿಸಿದೆ. ಪ್ರತಿ ಎಲೆಯ ಅಂಚು, ಪ್ರತಿ ನರ, ಯಾವುದನ್ನೂ ಬಿಡಲಿಲ್ಲ. ಬಿಡಿಸುವಾಗ ಬಹಳ ಸಂತೋಷವಾಗಿತ್ತೆಂದು ಒಪ್ಪಿಕೊಳ್ಳುತ್ತೇನೆ. ಮನೆಗೆ ಬಂದು ಗೋಡೆಗೆ ಒರಗಿಸಿ ದೂರದಿಂದ ನೋಡಿದಾಗ ಮಾತ್ರ ಮನಸ್ಸು ಕುಗ್ಗಿತು. ನನ್ನ ಹೆಂಡತಿ ಒಂದೇ ಮಾತಿನಲ್ಲಿ, "ಇದು ಟಿ.ವಿ. ಮೇಲೆ ಹಾಸುವ ಲೇಸಿನ ಬಟ್ಟೆಯ ಹಾಗುಂಟು" ಎಂದಳು. ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ನಿಜವಾಗಿಯೂ ಹಾಗೆಯೇ ಇದೆ. ಎಲೆಗಳಿವೆ, ಕಲ್ಲಿಲ್ಲ, ಭಾರವೂ ಇಲ್ಲ. ಊರಿಗೆ ಮರಳಿದ ಮೇಲೆ ಮೊಬೈಲಿನಲ್ಲಿ ತೆಗೆದ ಫೋಟೋಗಳನ್ನು ನೋಡಿಕೊಂಡು ಇನ್ನೊಮ್ಮೆ ಪ್ರಯತ್ನಿಸಿದೆ. ಅದು ಮೊದಲಿನದ್ದಕ್ಕಿಂತಲೂ ಚಪ್ಪಟೆಯಾಯಿತು.

ಎರಡೂ ಚಿತ್ರಗಳನ್ನೂ, ದ್ರಾಕ್ಷಿ ಎಲೆಗಳ ಇನ್ನೊಂದು ಬೋದಿಗೆಯ ಗೀಚುಚಿತ್ರವನ್ನೂ ಇಲ್ಲಿ ಲಗತ್ತಿಸಿದ್ದೇನೆ. ಮಕ್ಕಳಿಗೆ ನೆರಳು ಬೆಳಕು ಕಲಿಸಿದವನಿಗೆ ಇದು ಗೊತ್ತಿರಬೇಕಿತ್ತು ಎಂದು ಯಾರಾದರೂ ಹೇಳಿದರೆ ಬೇಸರವಿಲ್ಲ. ಹೂಜಿಗೂ ಬಾಳೆಗೊನೆಗೂ ನೆರಳು ಹಾಕುವುದು ನನಗೆ ಗೊತ್ತು, ಇಲ್ಲಿ ಮಾತ್ರ ಯಾವುದೋ ಒಂದು ಕೈ ತಪ್ಪಿಹೋಗುತ್ತಿದೆ. ಇದರ ಜೊತೆಗೆ ಇನ್ನೊಂದು ಸಣ್ಣ ಸಂದೇಹವಿದೆ. ಕೆಲವು ಎಲೆಗಳ ತುದಿಗಳು ಮುರಿದಿವೆ. ನಾನು ಅವನ್ನು ಊಹಿಸಿ ಪೂರ್ಣ ಮಾಡಿ ಬಿಡಿಸಿದ್ದೇನೆ. ಅದು ಸರಿಯೇ?

ಚಾಣ, ಕಾರ್ಕಳ

ಮಾಸ್ಟ್ರೇ, ನಿಮ್ಮ ಚಿತ್ರವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಗೆರೆ ಬಹಳ ಚೆನ್ನಾಗಿದೆ, ತೊಂದರೆ ಇರುವುದೂ ಆ ಗೆರೆಯಲ್ಲಿಯೇ. ನೀವು ಎಲೆಯ ಅಂಚನ್ನು ಬಿಡಿಸಿದ್ದೀರಿ. ಕೆತ್ತಿದವನು ಅಂಚನ್ನು ಮಾಡಿಲ್ಲ, ಅವನು ಎಲೆಯ ಹಿಂದಿನ ಗುಂಡಿಯನ್ನು ಮಾಡಿದ್ದಾನೆ.

ನಾನು ಇಲ್ಲಿ ಹೆಚ್ಚಾಗಿ ಕರಿಕಲ್ಲಿನಲ್ಲಿ ಕೆಲಸ ಮಾಡುವವನು. ಒಮ್ಮೆ ಗುಜರಾತಿನಲ್ಲಿ ನಡೆದ ಶಿಬಿರದಲ್ಲಿ ಪೋರಬಂದರದ ಸುಣ್ಣಕಲ್ಲನ್ನು ಕೆತ್ತುವ ಅವಕಾಶ ಸಿಕ್ಕಿತ್ತು, ಆ ಅನುಭವದಿಂದಲೇ ಇದನ್ನು ಹೇಳುತ್ತಿದ್ದೇನೆ. ನೀವು ನೋಡಿದ ಕಲ್ಲು ಮ್ಯಾನ್ಸ್‌ಫೀಲ್ಡ್ ಕಡೆಯದು, ಮೆಗ್ನೀಸಿಯಂ ಬೆರೆತ ಸುಣ್ಣಕಲ್ಲಿನ ಜಾತಿಯದು. ಇಂಥ ಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಒಳಗಿನ ತೇವದಿಂದಾಗಿ ಮೆತ್ತಗಿರುತ್ತದೆ, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ನಮ್ಮ ಮುರಕಲ್ಲಿನ ಸ್ವಭಾವವೂ ಹೀಗೆಯೇ ಅಲ್ಲವೇ? ಕಡಿಯುವಾಗ ಕೊಡಲಿಗೆ ಬಗ್ಗುತ್ತದೆ, ಗೋಡೆಯಲ್ಲಿ ಎರಡು ಮಳೆಗಾಲ ಕಳೆದ ಮೇಲೆ ಸುತ್ತಿಗೆಗೂ ಬಗ್ಗುವುದಿಲ್ಲ. ಆದರೆ ಮುರಕಲ್ಲಿನ ಮೈ ತುಂಬ ತೂತು, ಅದರಲ್ಲಿ ಎಲೆಯ ನರ ನಿಲ್ಲದು. ಸುಣ್ಣಕಲ್ಲಿನ ಕಣ ಒತ್ತಾಗಿರುವುದರಿಂದ ನರವೂ ನಿಲ್ಲುತ್ತದೆ, ಹಿಂದಿನಿಂದ ಟೊಳ್ಳು ಮಾಡಿದರೂ ಎಲೆ ಉಳಿಯುತ್ತದೆ.

ಕರಿಕಲ್ಲಿನಲ್ಲಿ ಇಷ್ಟು ಧೈರ್ಯ ಮಾಡುವ ಹಾಗಿಲ್ಲ. ಅದನ್ನು ಕತ್ತರಿಸುವುದಲ್ಲ, ಚಾಣದ ಮೊನೆಯಿಂದ ಚೂರು ಚೂರಾಗಿ ಪುಡಿಗುಟ್ಟಿ ತೆಗೆಯುವುದು. ತೆಳುವಾದ ಭಾಗದ ಹಿಂದೆ ಏಟು ಬಿದ್ದರೆ ಮುಂದಿನ ಎಲೆ ಹಾರಿಹೋಗುತ್ತದೆ. ಆದ್ದರಿಂದಲೇ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳಲ್ಲಿ ಕೆತ್ತನೆ ಎಷ್ಟೇ ಸೂಕ್ಷ್ಮವಾಗಿದ್ದರೂ ಅದು ಕಂಬದ ಮೈಗೆ ಅಂಟಿಕೊಂಡೇ ಇರುತ್ತದೆ. ಇನ್ನೊಂದು ತುದಿಯಲ್ಲಿ ಹೊಯ್ಸಳರ ಬಳಪದ ಕಲ್ಲು. ಅದರಲ್ಲಿ ಮದನಿಕೆಯ ಮೈಮೇಲಿನ ಸರವನ್ನೂ ತಲೆಯ ಮೇಲಿನ ಬಳ್ಳಿಯ ಚಪ್ಪರವನ್ನೂ ಹಿಂದಿನ ಕಲ್ಲಿನಿಂದ ಬಿಡಿಸಿ ನಿಲ್ಲಿಸಬಹುದು. ನಿಮ್ಮ ಸೌತ್‌ವೆಲ್ಲಿನ ಎಲೆಗಳು ಈ ವಿಷಯದಲ್ಲಿ ಮೂಡುಬಿದಿರೆಗಿಂತ ಬೇಲೂರಿಗೆ ಹತ್ತಿರದವು.

ಈಗ ಕೆಲಸ ನಡೆಯುವ ಕ್ರಮವನ್ನು ಹೇಳುತ್ತೇನೆ, ಏಕೆಂದರೆ ಚಿತ್ರವನ್ನೂ ಅದೇ ಕ್ರಮದಲ್ಲಿ ಬಿಡಿಸಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಬೋದಿಗೆಯ ಒಟ್ಟು ಆಕಾರಕ್ಕೆ ಕಲ್ಲನ್ನು ಇಳಿಸಿಕೊಳ್ಳುತ್ತಾರೆ, ಆಗ ಅದು ಮೈಯುಬ್ಬಿದ ಗಂಟೆಯಂತಿರುತ್ತದೆ. ಆ ಮೈಯ ಮೇಲೆ ಎಲೆ ಎಲ್ಲೆಲ್ಲಿ ಬರಬೇಕೆಂದು ಇದ್ದಿಲಿನಲ್ಲಿ ಗುರುತು ಹಾಕುತ್ತಾರೆ. ಅನಂತರ ಎಲೆ ಇಲ್ಲದ ಜಾಗಗಳನ್ನು ಕೆಳಕ್ಕೆ ಇಳಿಸುತ್ತಾ ಹೋಗುತ್ತಾರೆ. ಬಹಳ ಆಳಕ್ಕೆ ಹೋಗಬೇಕಾದಲ್ಲಿ ಬೈರಿಗೆಯಿಂದ ತೂತು ಹಾಕಿ, ತೂತಿನಿಂದ ತೂತಿಗೆ ಕೂಡಿಸಿ, ಕೊನೆಗೆ ಎಲೆಯ ಬೆನ್ನಿನ ಹಿಂದೆ ಸಣ್ಣ ಚಾಣ ಹಾಕಿ ಕೊರೆದು ಎಲೆಯನ್ನು ನೆಲದಿಂದ ಎಬ್ಬಿಸುತ್ತಾರೆ. ಎಲೆಯ ನರ ಎಳೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ನೀವು ಅಲ್ಲಿಂದಲೇ ಆರಂಭಿಸಿದ್ದೀರಿ.

ಇದರಿಂದ ಇನ್ನೊಂದು ಸಂಗತಿ ಹೊಳೆಯುತ್ತದೆ, ಇದನ್ನು ಚಿತ್ರಗಾರರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಎಷ್ಟೇ ಮುದುಡಿದರೂ, ಎಷ್ಟೇ ತಿರುಗಿದರೂ, ಎಲೆಗಳ ಅತಿ ಎತ್ತರದ ಬಿಂದುಗಳೆಲ್ಲ ಮೊದಲಿದ್ದ ಕಲ್ಲಿನ ಮೈಯ ಮಟ್ಟದಲ್ಲಿಯೇ ಇರುತ್ತವೆ, ಏಕೆಂದರೆ ಕಲ್ಲನ್ನು ತೆಗೆಯಬಹುದೇ ಹೊರತು ಸೇರಿಸಲಾಗದು. ಅಂಗೈಯನ್ನು ಆ ಬೋದಿಗೆಗೆ ಒತ್ತಿದರೆ (ಒತ್ತಬೇಡಿ, ಕಾವಲುಗಾರ ಬರುತ್ತಾನೆ) ಎಲ್ಲ ಎಲೆಗಳ ಉಬ್ಬುಗಳೂ ಒಟ್ಟಿಗೆ ಕೈಗೆ ತಾಗುತ್ತವೆ. ನಿಮ್ಮ ಚಿತ್ರದಲ್ಲಿ ಆ ಕಾಣದ ಮೈ ಇಲ್ಲ. ಎಲೆಗಳು ತಮ್ಮಷ್ಟಕ್ಕೆ ತೇಲುತ್ತಿವೆ, ಭಾರ ಹೋದದ್ದು ಅಲ್ಲಿಯೇ.

ಹಾಗಾಗಿ ನನ್ನ ಸಲಹೆ ಇಷ್ಟು: ಗೆರೆಯನ್ನು ಬದಿಗಿಡಿ. ಇದ್ದಿಲಿನಲ್ಲಿ ಬೋದಿಗೆಯ ಒಟ್ಟು ಆಕಾರಕ್ಕೆ ಒಂದು ನಡುಬಣ್ಣ ಬಳಿಯಿರಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ, ಅತಿ ಕಪ್ಪಾದ ಗುಂಡಿಗಳನ್ನು ಮಾತ್ರ, ಅವು ಯಾವ ಎಲೆಯ ಹಿಂದಿನವು ಎಂದು ಯೋಚಿಸದೆ, ಅವುಗಳ ಆಕಾರಕ್ಕೆ ಸರಿಯಾಗಿ ತುಂಬಿ. ಎಲೆಗಳು ತಾವಾಗಿಯೇ ಎದ್ದು ಬರುತ್ತವೆ.

ವಿಷಯಕ್ಕೆ ಸ್ವಲ್ಪ ಹೊರಗಿನ ಮಾತೊಂದು. ಆ ಎಲೆಗಳನ್ನು ಕೆತ್ತಿದವರ ಹೆಸರು ಉಳಿದಿಲ್ಲ. ಅದೇ 13ನೆಯ ಶತಮಾನದಲ್ಲಿ ನಮ್ಮ ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಕಲ್ಲಿನಲ್ಲಿಯೇ ಬರೆದಿಟ್ಟಿದ್ದಾನೆ. ಇನ್ನು ನಮ್ಮ ಊರಿನ ಪಾಡ್ದನವೆಂಬ ತುಳು ಹಾಡುಗತೆಯಂತೂ, ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನೇ ಅರಸ ಕಡಿಸಿದನೆಂದು ಹೇಳುತ್ತದೆ. ಅವನು ಈಗ ದೈವವಾಗಿ ಕೋಲ ಪಡೆಯುತ್ತಾನೆ. ಹೆಸರಿಲ್ಲದ ಆ ಇಂಗ್ಲೆಂಡಿನ ಆಚಾರಿಗಳ ಪಾಡು ಯಾವುದೋ!

ನಕ್ಷೆಮನೆ, ಮಂಗಳೂರು

ಮೇಲಿನವರು ಕೆತ್ತುವ ಕೈಯಿಂದ ಹೇಳಿದ್ದನ್ನು ನಾನು ಅಳೆಯುವ ಕೈಯಿಂದ ಹೇಳುತ್ತೇನೆ. ಒಂದು ಕಡೆ ನನಗೆ ಭಿನ್ನಾಭಿಪ್ರಾಯವಿದೆ, ಅದನ್ನೂ ಮುಚ್ಚಿಡುವುದಿಲ್ಲ. ನಾನು ವೃತ್ತಿಯಿಂದ ವಾಸ್ತುಶಿಲ್ಪಿ. ಕರಾವಳಿಯ ಹಳೆಯ ಮನೆ, ಬಸದಿ, ಇಗರ್ಜಿಗಳ ಅಳತೆಯ ನಕ್ಷೆ ಮಾಡುವುದು ನನ್ನ ಕೆಲಸದ ಒಂದು ಭಾಗ.

ಬೋದಿಗೆಯಲ್ಲಿ ಎಲೆಗಳಿಗಿಂತ ಮೊದಲು ಮೂರು ವಸ್ತುಗಳಿವೆ: ಕೆಳಗೆ ಕಂಬವು ಮುಗಿಯುವ ಕಡೆ ಇರುವ ಉಂಗುರ, ಮೇಲೆ ಕಮಾನಿನ ಭಾರವನ್ನು ಹೊರುವ ಹಲಗೆ, ಇವೆರಡರ ನಡುವೆ ಕಿರಿದಾಗಿ ಆರಂಭವಾಗಿ ಮೇಲಕ್ಕೆ ಅಗಲವಾಗುವ ಗಂಟೆ. ಎಲೆಗಳನ್ನೆಲ್ಲ ಕಿತ್ತು ಹಾಕಿದರೂ ಕಟ್ಟಡ ಬೀಳುವುದಿಲ್ಲ, ಗಂಟೆಯನ್ನು ಕಿತ್ತರೆ ಬೀಳುತ್ತದೆ. ನಿಮ್ಮ ಚಿತ್ರದಲ್ಲಿ ಉಂಗುರದ ವೃತ್ತವೂ ಹಲಗೆಯ ಅಂಚೂ ಬೇರೆ ಬೇರೆ ಕಣ್ಮಟ್ಟದಿಂದ ನೋಡಿದಂತಿವೆ. ಉಂಗುರವನ್ನು ಎದುರಿನಿಂದ, ಹಲಗೆಯನ್ನು ಕೆಳಗಿನಿಂದ ನೋಡಿದ್ದೀರಿ. ಬಹುಶಃ ಮೊದಲ ದಿನ ನಿಂತು, ಮರುದಿನ ಕುಳಿತು ಬಿಡಿಸಿರಬೇಕು. ಇದನ್ನು ಸರಿಪಡಿಸದೆ ಎಷ್ಟು ನೆರಳು ತುಂಬಿದರೂ ಕಲ್ಲು ನಿಲ್ಲದು. ಆದ್ದರಿಂದ ಗುಂಡಿಗಳಿಂದ ಆರಂಭಿಸಿ ಎಂಬ ಮಾತನ್ನು ನಾನು ಸ್ವಲ್ಪ ತಿದ್ದುತ್ತೇನೆ. ಗಂಟೆಯ ಆಕಾರವನ್ನು ತೆಳುವಾದ ಗೆರೆಯಲ್ಲಿ, ಎಲೆಗಳ ಮೂಲಕ ಹಾದುಹೋಗುವಂತೆ, ಗಾಜಿನ ವಸ್ತುವನ್ನು ಬಿಡಿಸಿದ ಹಾಗೆ ಮೊದಲು ಬಿಡಿಸಿ. ಗುಂಡಿಗಳು ಆ ಗಂಟೆಯ ಮೈಯಲ್ಲಿ ಎಲ್ಲಿ ತಳ ಮುಟ್ಟುತ್ತವೆ ಎಂಬುದು ಆಗ ತಿಳಿಯುತ್ತದೆ. ಚಾಣ ಅವರು ಹೇಳಿದ ಹೊರಮೈ ಮತ್ತು ನಾನು ಹೇಳುವ ಒಳಮೈ, ಈ ಎರಡರ ನಡುವೆ ಎಲೆಗಳು ಬದುಕಬೇಕು.

ಹಿಂದಿನವರೂ ರೇಖೆಯನ್ನೇ ನಂಬಿದ್ದರು. ಆ ಕಾಲದ ಕಲ್ಲುಕೆಲಸದವರು ಕಮಾನು, ಅಂಚುಪಟ್ಟಿಗಳ ಆಕಾರವನ್ನು ನಿಜವಾದ ಅಳತೆಯಲ್ಲಿ ಗಾರೆಯ ನೆಲದ ಮೇಲೆ ಕೊರೆದು, ಅದರಿಂದ ಅಚ್ಚುಹಲಗೆ ತಯಾರಿಸಿ ಕಲ್ಲಿಗೆ ಹಿಡಿಯುತ್ತಿದ್ದರು. ಅಂಥ ನೆಲಗಳು ಯಾರ್ಕ್ ಮತ್ತು ವೆಲ್ಸ್ ಕೆಥೆಡ್ರಲ್‌ಗಳಲ್ಲಿ ಇಂದಿಗೂ ಉಳಿದಿವೆ. ಜರ್ಮನಿಯ ಕಲೋನ್ ಕೆಥೆಡ್ರಲ್ಲಿನ ಕಥೆ ಇನ್ನೂ ಸ್ವಾರಸ್ಯವಾದದ್ದು. 1248ರಲ್ಲಿ ಆರಂಭವಾದ ಆ ಕಟ್ಟಡ 16ನೆಯ ಶತಮಾನದಲ್ಲಿ ಅರ್ಧಕ್ಕೆ ನಿಂತಿತು. ಮುಂಭಾಗದ ಮಧ್ಯಯುಗದ ನಕ್ಷೆ, ಸುಮಾರು 4 ಮೀಟರ್ ಎತ್ತರದ ಚರ್ಮದ ಹಾಳೆ, ಎರಡು ತುಂಡಾಗಿ ಕಳೆದುಹೋಗಿತ್ತು. ಒಂದು ತುಂಡು 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿಯೂ, ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿಯೂ ಸಿಕ್ಕಿದವು. 1842ರಲ್ಲಿ ಕೆಲಸ ಮತ್ತೆ ಆರಂಭವಾಗಿ, ಆ ಗೆರೆಗಳನ್ನೇ ಅನುಸರಿಸಿ 1880ರಲ್ಲಿ ಗೋಪುರಗಳು ಮುಗಿದವು. ಮೈಸೂರಿನ ಸಂತ ಫಿಲೋಮಿನಾ ಇಗರ್ಜಿಗೆ ಮಾದರಿಯಾದದ್ದು ಇದೇ ಕಲೋನ್. ಆ ನಕ್ಷೆಯಲ್ಲಿ ನೆರಳಿನ ಆಟವಿಲ್ಲ, ಇರುವುದೆಲ್ಲ ಗೆರೆಯೇ.

ಆದರೂ ನ್ಯಾಯವಾಗಿ ಹೇಳಬೇಕೆಂದರೆ, ಗೆರೆಯ ಮಿತಿಯೂ ಆ ಕಾಲದಿಂದಲೇ ಕಾಣುತ್ತದೆ. 13ನೆಯ ಶತಮಾನದ ವಿಲಾರ್ ದ ಒನ್‌ಕೂರ್ ಎಂಬಾತನ ಚಿತ್ರಗಳ ಕಟ್ಟೊಂದು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರ 33 ಹಾಳೆಗಳು ಉಳಿದಿವೆ. ಫ್ರಾನ್ಸಿನ ಲಾನ್ ಕೆಥೆಡ್ರಲ್ಲಿನ ಗೋಪುರದಿಂದ ಇಣುಕುವ ಕಲ್ಲಿನ ಎತ್ತುಗಳನ್ನು ಆತ ಬಿಡಿಸಿದ್ದಾನೆ, ಎಲೆಗಳೇ ಮುಖವಾದ ತಲೆಗಳನ್ನೂ ಬಿಡಿಸಿದ್ದಾನೆ. ಒಂದು ಸಿಂಹವನ್ನು ಬಿಡಿಸಿ, ಇದನ್ನು ಜೀವಂತ ಸಿಂಹವನ್ನು ನೋಡಿಯೇ ಬಿಡಿಸಿದ್ದೆಂದು ಪಕ್ಕದಲ್ಲಿ ಬರೆದಿದ್ದಾನೆ. ಸಿಂಹವನ್ನು ನೋಡಿದರೆ ಮಾತ್ರ ನಮ್ಮ ದೇವಸ್ಥಾನದ ಮೆಟ್ಟಿಲ ಬದಿಯ ಸಿಂಹದ ಸೋದರಮಾವನ ಮಗನಂತಿದೆ. ನೋಡಿದ್ದನ್ನೂ ಕಲಿತ ಗೆರೆಯಲ್ಲಿಯೇ ಬಿಡಿಸುತ್ತೇವೆ ಎಂಬುದಕ್ಕೆ ಅದಕ್ಕಿಂತ ಹಳೆಯ ಸಾಕ್ಷಿ ನನಗೆ ಬೇಡ.

ಮುರಿದ ತುದಿಗಳ ಪ್ರಶ್ನೆಗೆ ನನ್ನ ಉತ್ತರ ಕಟುವಾಗಿದೆ: ಪೂರ್ಣಗೊಳಿಸಬಾರದು. ಪೂರ್ಣಗೊಳಿಸಿದ ಚಿತ್ರ ಮುಂದೆ ಯಾರದೋ ಕೈಗೆ ಸಿಕ್ಕಿ ಪ್ರಮಾಣವಾಗುತ್ತದೆ. ಪ್ಯಾರಿಸ್ಸಿನ ನೋತ್ರ್ ದಾಮ್‌ನ ಮೇಲಿಂದ ಊರನ್ನು ದಿಟ್ಟಿಸುವ ಕೊಂಬಿನ ವಿಕಾರಮೂರ್ತಿಗಳನ್ನು ಮಧ್ಯಯುಗದವೆಂದೇ ಬಹಳ ಜನ ನಂಬಿದ್ದಾರೆ. ಅವು 1844ರಿಂದ 1864ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ವಾಸ್ತುಶಿಲ್ಪಿ ವಿಯೊಲೆ ಲ ದ್ಯುಕ್ ಹೊಸದಾಗಿ ರೂಪಿಸಿದವು. ಇದಕ್ಕೆ ಎದುರಾದ ಉದಾಹರಣೆ ಫ್ರಾನ್ಸಿನ ರೀಮ್ಸ್ ಕೆಥೆಡ್ರಲ್ಲಿನ ನಗುವ ದೇವದೂತನ ಶಿಲ್ಪ. 1914ರ ಶೆಲ್ ದಾಳಿಯಲ್ಲಿ ಅದರ ತಲೆ ಉರುಳಿ ಚೂರಾದಾಗ, ಯುದ್ಧಕ್ಕೆ ಮೊದಲೇ ತೆಗೆದಿಟ್ಟಿದ್ದ ಅಚ್ಚು ಇದ್ದುದರಿಂದ ಆ ನಗುವನ್ನು ಮತ್ತೆ ಜೋಡಿಸಲು ಸಾಧ್ಯವಾಯಿತು. ಅಚ್ಚು ತೆಗೆದವನು ತನ್ನ ಕಲ್ಪನೆಯಿಂದ ಏನನ್ನೂ ಸೇರಿಸಿರಲಿಲ್ಲ. ಎಲ್ಲಿ ಕಲ್ಲು ಮುರಿದಿದೆಯೋ ಅಲ್ಲಿ ಮುರಿದ ಮೈಯನ್ನೇ ಬಿಡಿಸಿ. ಅದರ ಒರಟುತನ ಪಕ್ಕದ ಎಲೆಯ ನಯವನ್ನು ಎತ್ತಿ ತೋರಿಸುತ್ತದೆ, ಅದೂ ಕಲ್ಲೆಂದು ನೋಡುವವರಿಗೆ ನೆನಪಿಸುತ್ತದೆ. ನಿಮ್ಮ ಮೂಲ ದೂರಿಗೆ ಅರ್ಧ ಮದ್ದು ಅದರಲ್ಲಿಯೇ ಇದೆ.

ಚಾಣ, ಕಾರ್ಕಳ

ಗಂಟೆಯನ್ನು ಮೊದಲು ಬಿಡಿಸಬೇಕೆಂಬುದನ್ನು ಒಪ್ಪುತ್ತೇನೆ. ಆದರೆ ಎಲೆಗಳ ನಡುವಿನ ಆ ಗೆರೆಗಳನ್ನು ಕೊನೆಗೆ ಉಳಿಸಿದರೆ ಮಾಸ್ಟ್ರ ಕೈ ಮತ್ತೆ ಅಂಚನ್ನು ಹುಡುಕಿಕೊಂಡು ಹೋಗುತ್ತದೆ ಎಂಬ ಹೆದರಿಕೆ ನನಗಿದೆ. 31 ವರ್ಷದ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಗಂಟೆಯ ಆಕಾರ ಬಿಡಿಸಿದ ಮೇಲೆ ರಬ್ಬರ್ ತೆಗೆದುಕೊಂಡು ಗೆರೆಯನ್ನು ಅರ್ಧಕ್ಕರ್ಧ ಅಳಿಸಿ, ಅನಂತರ ಇದ್ದಿಲನ್ನು ಮುಟ್ಟಿ.

ಕುಡ್ಲದ ಓದುಗಿ, ಮಂಗಳೂರು

ಎರಡನೆಯ ಚಿತ್ರ ಏಕೆ ಇನ್ನಷ್ಟು ಚಪ್ಪಟೆಯಾಯಿತು ಎಂಬುದನ್ನು ಯಾರೂ ಮುಟ್ಟಿಲ್ಲ, ಆದ್ದರಿಂದ ನಾನು ಬರೆಯುತ್ತಿದ್ದೇನೆ. ಕಾರಣ ನಿಮ್ಮ ಕೈಯಲ್ಲ ಸರ್, ನಿಮ್ಮ ಮೊಬೈಲು. ಈಗಿನ ಮೊಬೈಲುಗಳು ಒಂದೇ ಕ್ಷಣದಲ್ಲಿ ಹಲವು ಫೋಟೋ ತೆಗೆದು ಬೆಸೆದು, ಕತ್ತಲಿದ್ದ ಕಡೆ ಬೆಳಕು ಏರಿಸಿ, ಬೆಳಕು ಹೆಚ್ಚಿದ್ದ ಕಡೆ ಇಳಿಸಿ ಕೊಡುತ್ತವೆ. ಹುಟ್ಟುಹಬ್ಬದ ಫೋಟೋಗೆ ಅದು ಅನುಕೂಲ. ಕೆತ್ತನೆಯ ಫೋಟೋದಲ್ಲಿ ಮಾತ್ರ, ಚಾಣ ಅವರು ಹೇಳಿದ ಗುಂಡಿಗಳನ್ನು ಮೊಬೈಲು ಮೊದಲೇ ಮಣ್ಣು ತುಂಬಿ ಸಮತಟ್ಟು ಮಾಡಿಟ್ಟಿರುತ್ತದೆ. ಫೋಟೋದಿಂದ ಬಿಡಿಸುವುದಾದರೆ ಅದನ್ನು ಕಪ್ಪುಬಿಳುಪು ಮಾಡಿ, ನೆರಳಿನ ಭಾಗವನ್ನು ಇಳಿಸಿ ನೋಡಿ.

ಬೆಳಕಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಸೌತ್‌ವೆಲ್ ಇರುವುದು ಸುಮಾರು 53 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ ತಿಂಗಳ ನಡುಹಗಲಲ್ಲೂ ಸೂರ್ಯ ಸುಮಾರು 60 ಡಿಗ್ರಿಗಿಂತ ಮೇಲೇರುವುದಿಲ್ಲ, ಡಿಸೆಂಬರಿನಲ್ಲಿ 13-14 ಡಿಗ್ರಿಗೆ ಸುಸ್ತಾಗಿ ಇಳಿಯುತ್ತಾನೆ. ಉಡುಪಿ 13 ಡಿಗ್ರಿಯಲ್ಲಿದೆ. ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ನಮ್ಮ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆತ್ತಿಯ ಬಿಸಿಲಿನಲ್ಲಿ ಕಂಬದ ಮೇಲಿನ ಒಂದು ಅಂಗುಲದ ಉಬ್ಬು ಸಾಕು, ಕೆಳಗೆ ಉದ್ದವಾದ ಕಪ್ಪು ಬೀಳುತ್ತದೆ. ಅಲ್ಲಿಯ ಮೋಡದ ಮಂದ ಬೆಳಕಿನಲ್ಲಿ, ಅದರಲ್ಲಿಯೂ ಮೇಲೆ ಸುತ್ತಲೂ ಕಿಟಕಿಗಳಿರುವ ಕೋಣೆಯ ಒಳಗೆ, ಒಂದು ನೆರಳನ್ನು ಇನ್ನೊಂದು ಕಿಟಕಿ ಅಳಿಸಿಹಾಕುತ್ತದೆ. ಆಳವಾಗಿ ಕೊರೆದು ಕತ್ತಲೆಯನ್ನು ಕಲ್ಲಿನೊಳಗೇ ಕೂಡಿಡದೆ ಅಲ್ಲಿ ಬೇರೆ ದಾರಿಯಿಲ್ಲ. ನಮ್ಮ ಹೂಜಿ, ಬಾಳೆಗೊನೆಯ ನೆರಳು ಒಂದು ಬದಿಯಿಂದ ಬಿದ್ದದ್ದು. ಆ ಬೋದಿಗೆಯ ನೆರಳು ಒಳಗಿನಿಂದ ಬಂದದ್ದು. ನೀವು ಮೊದಲನೆಯದನ್ನು ಎರಡನೆಯದರ ಮೇಲೆ ಹಾಕಿದ್ದೀರಿ ಎಂದು ನನಗನಿಸುತ್ತದೆ. ಎಲ್ಲ ಎಲೆಗಳಿಗೂ ಬಲಬದಿಗೆ ಒಂದೇ ಹದದ ಬೂದುಬಣ್ಣವಿದೆ.

ಗಾಥಿಕ್ ಎಂಬ ಮಧ್ಯಯುಗದ ಯುರೋಪಿನ ಶೈಲಿಯ ಕೆತ್ತನೆಗಳನ್ನು ಜೀವಮಾನವಿಡೀ ಬಿಡಿಸಿದ, 19ನೆಯ ಶತಮಾನದ ಇಂಗ್ಲಿಷ್ ಕಲಾವಿಮರ್ಶಕ ಜಾನ್ ರಸ್ಕಿನ್ ತನ್ನ ವಿದ್ಯಾರ್ಥಿಗಳಿಗೆ ಆರಂಭದಲ್ಲಿ ಕೊಡುತ್ತಿದ್ದ ಅಭ್ಯಾಸಗಳಲ್ಲಿ ಒಂದು, ಬೀದಿಯಲ್ಲಿ ಸಿಗುವ ಒಂದು ಉರುಟು ಕಲ್ಲನ್ನು ಬಿಡಿಸುವುದು. ಗೆರೆಯಿಂದಲ್ಲ, ಬೆಳಕು ನೆರಳಿನ ಹದದಿಂದ. ಸ್ವರ್ಣಾ ನದಿಯ ದಡದಲ್ಲಿ ಅಂಥ ಕಲ್ಲಿಗೆ ಬರವಿಲ್ಲ.

ಕೊನೆಗೊಂದು ಸಣ್ಣ ತಿದ್ದುಪಡಿ. ನಿಮ್ಮ ಗೀಚುಚಿತ್ರದಲ್ಲಿರುವುದು ದ್ರಾಕ್ಷಿ ಎಂದು ನನಗನಿಸುವುದಿಲ್ಲ. ದ್ರಾಕ್ಷಿಯ ಕುಡಿ ಕವಲೊಡೆಯುತ್ತದೆ. ನೀವು ಬಿಡಿಸಿದ ಕುಡಿ ಕವಲಿಲ್ಲದೆ ಸ್ಪ್ರಿಂಗಿನಂತೆ ಸುತ್ತಿಕೊಂಡಿದೆ, ಹಣ್ಣುಗಳೂ ಗೊಂಚಲಾಗಿಲ್ಲ. ಅದು ಬ್ರಯೊನಿ ಎಂಬ ಬೇಲಿಬಳ್ಳಿ ಇರಬೇಕು. ಅಲ್ಲಿನ ಎಲೆಗಳಲ್ಲಿ ಅದೂ ಒಂದು. ಅದು ನಮ್ಮ ತೊಂಡೆಯ ಕುಟುಂಬಕ್ಕೆ ಸೇರಿದ ಗಿಡ. ಎಲೆಯ ಐದು ಮೂಲೆ, ಕುಡಿಯ ಸುರುಳಿ, ಎಲ್ಲವೂ ಹಿತ್ತಿಲಿನ ಚಪ್ಪರದಲ್ಲಿಯೇ ಸಿಗುತ್ತವೆ. ಆದರೆ ಪಲ್ಯ ಮಾಡುವ ಹಾಗಿಲ್ಲ, ಆ ಬಳ್ಳಿ ವಿಷ.

ಮಸಿಕಡ್ಡಿ, ಉಡುಪಿ

ಎಲ್ಲರಿಗೂ ಕೃತಜ್ಞತೆಗಳು. ಉತ್ತರಿಸಲು ಮೂರು ವಾರ ತಡವಾದದ್ದು, ಹೇಳಿದ್ದನ್ನೆಲ್ಲ ಮಾಡಿ ನೋಡಿಯೇ ಬರೆಯಬೇಕೆಂದು ಹಟ ಹಿಡಿದಿದ್ದರಿಂದ.

ನಕ್ಷೆಮನೆಯವರ ಊಹೆ ಸರಿಯಾಗಿದೆ. ಮೊದಲ ದಿನ ನಿಂತಿದ್ದೆ, ಎರಡನೆಯ ದಿನ ಮೊಣಕಾಲು ನೋವಿನಿಂದಾಗಿ ಮಡಚುವ ಕುರ್ಚಿ ಕೊಂಡೊಯ್ದಿದ್ದೆ. ಹಾಳೆಯನ್ನು ನೋಡಿ ನನ್ನ ಮೊಣಕಾಲಿನ ವಿಚಾರ ಹೇಳಿದ್ದಕ್ಕೆ ನಮಸ್ಕಾರ.

ಮೊದಲು ಹಿತ್ತಿಲಿನ ತೊಂಡೆಯ ಬಳ್ಳಿಯ ಒಂದು ಗೇಣನ್ನು ಕತ್ತರಿಸಿ ತಂದು, ಬಿಳಿಯ ಲೋಟವೊಂದರ ಸುತ್ತ ಸುತ್ತಿ, ಕಿಟಕಿಯ ಬಳಿ ಇಟ್ಟೆ. ಲೋಟವೇ ಗಂಟೆಯೆಂದು ಭಾವಿಸಿ, ಅದನ್ನು ಎಲೆಗಳ ಮೂಲಕ ಹಾಯಿಸಿ ಬಿಡಿಸಿದ ಮೇಲೆ, ಎಲೆಯ ಹಿಂದಿನ ಕಪ್ಪುಗಳನ್ನು ತುಂಬಿದೆ. ಎರಡು ಗಂಟೆಯಲ್ಲಿ ಎಲೆ ಬಾಡಿತು. ಕಲ್ಲಿನಲ್ಲಿ ಕೆತ್ತಿದ್ದರ ಉಪಯೋಗ ಆಗ ಚೆನ್ನಾಗಿ ಮನವರಿಕೆಯಾಯಿತು. ಅನಂತರ ಒಂದು ಆದಿತ್ಯವಾರ ಮೂಡುಬಿದಿರೆಗೆ ಹೋಗಿ ಬಸದಿಯ ಕಂಬವೊಂದರ ಎದುರು ಕುಳಿತೆ. ಅಲ್ಲಿ ಚಾಣ ಅವರ ಮಾತು ಕಣ್ಣಿಗೆ ಕಂಡಿತು. ಎಷ್ಟು ಹುಡುಕಿದರೂ ಎಲೆಯ ಬೆನ್ನಿನ ಹಿಂದೆ ಕತ್ತಲೆಯೆಂಬುದಿಲ್ಲ, ಎಲ್ಲ ಕೆತ್ತನೆಯೂ ಕಂಬದ ಮೈಯಲ್ಲಿಯೇ ಮೂಡಿ ಅಲ್ಲಿಯೇ ಮುಗಿಯುತ್ತದೆ. ಆ ಕಂಬಕ್ಕೆ ನನ್ನ ಹಳೆಯ ಗೆರೆಯೇ ಸರಿಹೊಂದಿತು. ಅಂದರೆ ಇಷ್ಟು ವರ್ಷ ನಾನು ಸುತ್ತಮುತ್ತಲಿನ ಬಸದಿ, ದೇವಸ್ಥಾನಗಳ ಕರಿಕಲ್ಲನ್ನು ಬಿಡಿಸಿ ಬಿಡಿಸಿ ಪಳಗಿದ ಗೆರೆಯನ್ನೇ ಸುಣ್ಣಕಲ್ಲಿನ ಮೇಲೆ ಹೇರಿದ್ದೆ.

ಸೌತ್‌ವೆಲ್ಲಿನ ಬೋದಿಗೆಯನ್ನು ಈ ವಾರ ಮೂರನೆಯ ಬಾರಿ ಬಿಡಿಸಿದೆ. ಫೋಟೋವನ್ನು ಕಪ್ಪುಬಿಳುಪು ಮಾಡಿಕೊಂಡೆ. ಗಂಟೆಯ ಗೆರೆಯನ್ನು ಎಳೆದು, ಚಾಣ ಅವರ ಆಣತಿಯಂತೆ ಅರ್ಧ ಅಳಿಸಿ, ಇದ್ದಿಲು ಹಿಡಿದೆ. ಮುರಿದ ನಾಲ್ಕು ತುದಿಗಳನ್ನು ಮುರಿದಂತೆಯೇ ಬಿಟ್ಟಿದ್ದೇನೆ. ಹಾಗೆ ಬಿಡುವಾಗ ಕೈ ಎರಡು ಸಲ ತಡೆಯಿತು. ಎಲೆಯ ನರಗಳನ್ನು ಮೂರು ಎಲೆಗಳಲ್ಲಿ ಮಾತ್ರ ಎಳೆದಿದ್ದೇನೆ, ಉಳಿದವಕ್ಕೆ ಬೇಕೆನಿಸಲಿಲ್ಲ. ಎಡಭಾಗದ ಕೆಳಗಿನ ಎಲೆಯೊಂದು ಇನ್ನೂ ಬಟ್ಟೆಯ ಹಾಗೆಯೇ ಇದೆ, ಫೋಟೋದಲ್ಲಿ ಆ ಮೂಲೆಯ ಕತ್ತಲೆ ಸಿಗುತ್ತಿಲ್ಲ. ಚಿತ್ರವನ್ನು ಲಗತ್ತಿಸಿದ್ದೇನೆ, ನೋಡಿ ಹೇಳಿ.

ಗೋಡೆಗೆ ಒರಗಿಸಿಟ್ಟು ಹೆಂಡತಿಯನ್ನು ಕರೆದೆ. ಅವಳು ಅಡುಗೆಮನೆಯ ಬಾಗಿಲಲ್ಲಿಯೇ ನಿಂತು ನೋಡಿ, "ಈಗ ಕಲ್ಲು ಹೌದು, ಆದರೆ ಯಾವ ಮರದ ಎಲೆ ಎಂದು ಗೊತ್ತಾಗುವುದಿಲ್ಲ" ಎಂದಳು. ಇನ್ನು ಮೂರು ನರ ಹೆಚ್ಚು ಎಳೆಯಬೇಕೇ ಎಂಬುದು ಸದ್ಯದ ಪ್ರಶ್ನೆ.

ಚಾಣ, ಕಾರ್ಕಳ

ಎಳೆಯಬೇಡಿ ಮಾಸ್ಟ್ರೇ. ಎಡಮೂಲೆಯ ಆ ಎಲೆಯ ಬೆನ್ನಿನ ಹಿಂದೆ ತೊಟ್ಟು ನುಸುಳುವ ಜಾಗವೊಂದಿದೆ, ಅಲ್ಲಿ ಒಂದು ಬೆರಳಿನಗಲ ಕಪ್ಪು ಇಡಿ.